ಚಿತ್ರದುರ್ಗದ ಮನೆಗಳಲ್ಲಿ ಒಳಾಂಗಣ ಗಿಡಗಳ ಆಯ್ಕೆ ಮತ್ತು ಆರೈಕೆ

ಮನೆಯೊಳಗೆ ಬೆಳೆಸುವ ಗಿಡಗಳ ಬಗ್ಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ತಂಪು ಹವೆಯ ಅಥವಾ ತೇವಾಂಶ ಹೆಚ್ಚಿರುವ ಊರುಗಳಿಗೆ ಹೊಂದುವಂಥವು. ಚಿತ್ರದುರ್ಗದಲ್ಲಿ ಮಳೆ ಕಡಿಮೆ, ವರ್ಷದ ಬಹುಕಾಲ ಹವೆ ಒಣ. ಮುಂಗಾರಿನಲ್ಲಿ ಬೀಸುವ ಗಾಳಿ ಎಷ್ಟು ಬಲವಾದುದೆಂಬುದಕ್ಕೆ ಊರ ಸುತ್ತಲಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳೇ ಸಾಕ್ಷಿ. ಅನೇಕ ಮನೆಗಳ ನಲ್ಲಿಯಲ್ಲಿ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಆದುದರಿಂದ ನರ್ಸರಿಗೆ ಹೋಗಿ ಎಲೆಯ ಅಂದ ನೋಡುವ ಮೊದಲು ನಮ್ಮ ಮನೆಯ ಬೆಳಕನ್ನೂ ನೀರನ್ನೂ ಅರಿತುಕೊಳ್ಳುವುದು ಒಳ್ಳೆಯದು.

ಬೆಳಕನ್ನು ಅಳೆಯಲು ಯಾವ ಉಪಕರಣವೂ ಬೇಕಿಲ್ಲ. ಗಿಡ ಇಡಬೇಕೆಂದಿರುವ ಜಾಗದಲ್ಲಿ ಮಧ್ಯಾಹ್ನ ಬಿಳಿ ಹಾಳೆಯೊಂದನ್ನು ಹರಡಿ, ಅದರಿಂದ ಒಂದು ಅಡಿ ಮೇಲೆ ಕೈ ಹಿಡಿಯಿರಿ. ನೆರಳಿನ ಅಂಚು ಸ್ಪಷ್ಟವಾಗಿದ್ದರೆ ಬೆಳಕು ಹೆಚ್ಚು, ಮಸುಕಾಗಿದ್ದರೆ ಮಧ್ಯಮ, ನೆರಳೇ ಕಾಣದಿದ್ದರೆ ಕಡಿಮೆ ಎಂದು ತಿಳಿಯಬಹುದು. ಪೂರ್ವದ ಕಿಟಕಿ ಬಹುತೇಕ ಗಿಡಗಳಿಗೆ ಹಿತ. ಪಶ್ಚಿಮದ ಕಿಟಕಿಯ ಬಿಸಿಲು ಮಾರ್ಚ್‌ನಿಂದ ಮೇವರೆಗೆ ಎಲೆಗಳನ್ನು ಸುಡುವುದರಿಂದ ಅಲ್ಲಿ ತೆಳುವಾದ ಪರದೆ ಬೇಕು.

ಬೆಳಕು ಕಡಿಮೆ ಇರುವ ಹಳೆಯ ಮನೆಗಳ ಪಡಸಾಲೆಗೆ ಸ್ನೇಕ್ ಪ್ಲಾಂಟ್ ಮತ್ತು ಝಡ್‌ಝಡ್ ಪ್ಲಾಂಟ್ ನನ್ನ ಮೊದಲ ಆಯ್ಕೆ. ಸ್ನೇಕ್ ಪ್ಲಾಂಟ್ ತನ್ನ ಎಲೆರಂಧ್ರಗಳನ್ನು ಹೆಚ್ಚಾಗಿ ರಾತ್ರಿಯ ಹೊತ್ತು ತೆರೆಯುವುದರಿಂದ ಹಗಲಿನ ಒಣಗಾಳಿಗೆ ಅದರ ನೀರು ಹೆಚ್ಚು ಆರಿಹೋಗುವುದಿಲ್ಲ. ಝಡ್‌ಝಡ್ ಪ್ಲಾಂಟ್ ಮಣ್ಣಿನೊಳಗಿನ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಮಧ್ಯಮ ಬೆಳಕಿದ್ದರೆ ಮನಿ ಪ್ಲಾಂಟ್, ಸಿಂಗೋನಿಯಂ, ಅಗ್ಲೋನಿಮಾ ಸುಲಭವಾಗಿ ಬೆಳೆಯುತ್ತವೆ. ಬೋಸ್ಟನ್ ಫರ್ನ್ ಮತ್ತು ಕಲಾಥಿಯಾ ಎಷ್ಟೇ ಚೆಂದ ಕಂಡರೂ ಅವಕ್ಕೆ ತೇವದ ಹವೆ ಬೇಕು. ನಮ್ಮ ಬೇಸಿಗೆಯಲ್ಲಿ ಅವುಗಳ ಎಲೆಯಂಚು ಒಣಗದಂತೆ ನೋಡಿಕೊಳ್ಳುವುದು ಕಷ್ಟ, ಹೊಸಬರಿಗೆ ಅವು ಬೇಡ. ಅಂಬೆಗಾಲಿಡುವ ಮಕ್ಕಳು ಅಥವಾ ಸಾಕುಪ್ರಾಣಿಗಳು ಇರುವ ಮನೆಯಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಮನಿ ಪ್ಲಾಂಟ್, ಸಿಂಗೋನಿಯಂ, ಅಗ್ಲೋನಿಮಾ, ಝಡ್‌ಝಡ್ ಪ್ಲಾಂಟ್, ಡೈಫೆನ್‌ಬೇಕಿಯಾ ಇವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿದ್ದು, ಎಲೆ ಅಗಿದರೆ ಬಾಯಿ ಗಂಟಲು ಉರಿದು ಊದಿಕೊಳ್ಳುತ್ತವೆ. ಸ್ನೇಕ್ ಪ್ಲಾಂಟ್ ತಿಂದರೂ ಹೊಟ್ಟೆ ಕೆಡುತ್ತದೆ. ಅಂಥ ಮನೆಗಳಿಗೆ ಸ್ಪೈಡರ್ ಪ್ಲಾಂಟ್ ಮತ್ತು ಅರೆಕಾ ಪಾಮ್ ತಕ್ಕವು.

ಗಿಡಗಳು ಮನೆಯ ಗಾಳಿಯನ್ನು ಶುದ್ಧೀಕರಿಸುತ್ತವೆ ಎಂಬ ಮಾತನ್ನು ನಂಬಿ ಖರೀದಿಸಬೇಡಿ. ಆ ಮಾತಿಗೆ ಮೂಲವಾದ ನಾಸಾದ 1989ರ ಪ್ರಯೋಗ ಮುಚ್ಚಿದ ಪೆಟ್ಟಿಗೆಗಳೊಳಗೆ ನಡೆದದ್ದು. ಕಿಟಕಿ ಬಾಗಿಲುಗಳಿಂದ ಗಾಳಿಯಾಡುವ ಮನೆಯಲ್ಲಿ ನಾಲ್ಕಾರು ಕುಂಡಗಳಿಂದ ಅಂಥ ಪರಿಣಾಮ ಆಗುವುದಿಲ್ಲ. ಹಸಿರು ಕಣ್ಣಿಗೆ ತಂಪು ಎಂಬ ಕಾರಣವೇ ಸಾಕು.

ಗಿಡ ಕೊಳ್ಳಲು ಏಪ್ರಿಲ್ ತಿಂಗಳಿಗಿಂತ ಮಳೆಗಾಲದ ಆರಂಭ ಮೇಲು. ಎಲೆಗಳನ್ನು ಮಗುಚಿ ಕೆಳಭಾಗವನ್ನೂ ಎಲೆ ಕಾಂಡ ಸೇರುವ ಸಂದುಗಳನ್ನೂ ನೋಡಿ; ಹತ್ತಿಯಂತಹ ಬಿಳಿ ಅಂಟು ಇದ್ದರೆ ಅದು ಹಿಟ್ಟುತಿಗಣೆ. ದೊಡ್ಡ ಗಿಡಕ್ಕಿಂತ ಹೊಸ ಚಿಗುರಿರುವ ಚಿಕ್ಕ ಗಿಡ ಹೊಸ ಜಾಗಕ್ಕೆ ಬೇಗ ಹೊಂದಿಕೊಳ್ಳುತ್ತದೆ. ತಂದ ಮೇಲೆ ಎರಡು ವಾರ ಉಳಿದ ಗಿಡಗಳಿಂದ ದೂರವಿಡಿ.

ಮನೆಯೊಳಗಿನ ಗಿಡಗಳು ಸಾಯುವುದು ನೀರಿಲ್ಲದೆ ಅಲ್ಲ, ಹೆಚ್ಚಾಗಿ ನೀರು ಅತಿಯಾಗಿ. ಬೇರಿಗೂ ಗಾಳಿ ಬೇಕು. ಮಣ್ಣು ಸದಾ ಹಸಿಯಾಗಿದ್ದರೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಹೀರಲಾರದೆ ಎಲೆ ಬಾಡುತ್ತದೆ, ಬಾಡಿದ ಎಲೆ ನೋಡಿ ನಾವು ಮತ್ತಷ್ಟು ನೀರು ಹಾಕುತ್ತೇವೆ. ವಾರಕ್ಕೆ ಇಷ್ಟು ಬಾರಿ ಎಂಬ ಲೆಕ್ಕ ಇಲ್ಲಿ ಸಲ್ಲದು, ಏಕೆಂದರೆ ಏಪ್ರಿಲ್‌ನಲ್ಲಿ ಎರಡು ಮೂರು ದಿನಕ್ಕೆ ಒಣಗುವ ಕುಂಡ ಜುಲೈನ ಮೋಡದಲ್ಲಿ ವಾರವಾದರೂ ಹಸಿಯಾಗಿಯೇ ಇರಬಹುದು. ಬೆರಳನ್ನು ಎರಡು ಅಂಗುಲ ಆಳಕ್ಕೆ ಇಳಿಸಿ, ಒಣಗಿದ್ದರೆ ಮಾತ್ರ ತಳದ ರಂಧ್ರದಿಂದ ಹೊರಬರುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಸ್ನೇಕ್ ಪ್ಲಾಂಟ್ ಮತ್ತು ಝಡ್‌ಝಡ್ ಪ್ಲಾಂಟ್‌ಗಳಿಗೆ ಮಣ್ಣು ತಳದವರೆಗೂ ಒಣಗಲಿ.

ನೀರಿನ ಗುಣಕ್ಕೂ ಅಷ್ಟೇ ಗಮನ ಕೊಡಬೇಕು. ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಕಟ್ಟುವ ಬಿಳಿ ಪೊರೆ ಗಡಸು ನೀರಿನ ಲವಣ. ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಕೂಡ ಇದ್ದು, ಡ್ರಸೀನಾ ಮತ್ತು ಸ್ಪೈಡರ್ ಪ್ಲಾಂಟ್‌ಗಳ ಎಲೆತುದಿ ಅದರಿಂದ ಕಂದಾಗುತ್ತದೆ. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹೋಗಬಹುದು, ಫ್ಲೋರೈಡ್ ಹೋಗದು. ಆರ್‌ಓ ಫಿಲ್ಟರ್ ಹೊರಹಾಕುವ ನೀರನ್ನು ವ್ಯರ್ಥ ಮಾಡಬಾರದೆಂದು ಹಲವರು ಕುಂಡಗಳಿಗೆ ಹಾಕುತ್ತಾರೆ. ಅದರಲ್ಲಿ ಲವಣ ಮೂಲ ನೀರಿಗಿಂತಲೂ ಹೆಚ್ಚಿರುತ್ತದೆ, ಅದು ನೆಲ ತೊಳೆಯಲು ಇರಲಿ. ಕೋಟೆಯ ಮಳೆಯನ್ನು ಗೋಪಾಲಸ್ವಾಮಿ ಹೊಂಡದಲ್ಲಿ, ಅಕ್ಕತಂಗಿಯರ ಹೊಂಡದಲ್ಲಿ ಹಿಡಿದಿಟ್ಟ ಊರು ನಮ್ಮದು. ತಾರಸಿಯ ಮಳೆನೀರನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಟ್ಟರೆ ಗಿಡಗಳಿಗೆ ಅದಕ್ಕಿಂತ ಉತ್ತಮ ನೀರಿಲ್ಲ. ನಾಲ್ಕೈದು ತಿಂಗಳಿಗೊಮ್ಮೆ ಆ ನೀರನ್ನು ಕುಂಡದ ಗಾತ್ರದ ಎರಡರಷ್ಟು ನಿಧಾನವಾಗಿ ಸುರಿದು ಹರಿಯಬಿಟ್ಟರೆ ಮಣ್ಣಿನ ಲವಣ ತೊಳೆದುಹೋಗುತ್ತದೆ.

ಕುಂಡಕ್ಕೆ ಎರೆಮಣ್ಣು ಬೇಡ. ಅದು ಹಸಿಯಾದಾಗ ಅಂಟಾಗಿ ಗಾಳಿ ತಡೆಯುತ್ತದೆ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ. ಕೆಮ್ಮಣ್ಣು, ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ, ಎರೆಹುಳು ಗೊಬ್ಬರ ಇವನ್ನು ಸಮನಾಗಿ ಬೆರೆಸಿ, ಒಂದು ಹಿಡಿ ದಪ್ಪ ಮರಳು ಸೇರಿಸಬಹುದು. ಚಳ್ಳಕೆರೆಯ ಗಾಣಗಳಿಂದ ಸುಲಭವಾಗಿ ಸಿಗುವ ಶೇಂಗಾ ಹಿಂಡಿ ಒಳ್ಳೆಯ ಗೊಬ್ಬರವಾದರೂ ನೆನೆಸಿದಾಗ ನಾರುವುದರಿಂದ ಅಂಗಳದ ಗಿಡಗಳಿಗಷ್ಟೇ ಸೂಕ್ತ.

ಬೇಸಿಗೆಯ ಒಣಹವೆಯಲ್ಲಿ ಎಲೆಯ ಕೆಳಗೆ ಸಣ್ಣ ಬಲೆ ಕಟ್ಟುವ ನುಸಿ ಕಾಣಿಸಿಕೊಳ್ಳುತ್ತದೆ. ಧೂಳು ಕೂತ ಎಲೆಗಳಲ್ಲಿ ಅದು ಹೆಚ್ಚು. ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಬದಿ ಒರೆಸಿ. ಹಾಗೂ ಉಳಿದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸಿ.