ಗಾಜು ಕ್ಲೀನಿಂಗ್ ವ್ಯವಹಾರ ಮಾರುವವರಿಗೆ

ಬೆಂಗಳೂರಿನಲ್ಲಿ ಕಟ್ಟಡಗಳ ಗಾಜು ಒರೆಸುವ ವ್ಯವಹಾರ ಮಾರುವವರು ಮೊದಲು ಲಾಭವನ್ನು ಸರಿಯಾಗಿ ಲೆಕ್ಕ ಹಾಕಿ. ಉದಾಹರಣೆಗೆ ವರ್ಷಕ್ಕೆ 30 ಲಕ್ಷ ಬಂದು, ಕೂಲಿ, ಇನ್ಶೂರೆನ್ಸ್, ಗಾಡಿ, ಸಾಮಾನಿಗೆ 21 ಲಕ್ಷ ಹೋದರೆ ಉಳಿಯುವ 9 ಲಕ್ಷ ಪೂರ್ತಿ ಲಾಭವಲ್ಲ. ನೀವು ಮಾಡುವ ಮೇಲ್ವಿಚಾರಣೆಗೆ ತಿಂಗಳಿಗೆ 25,000ದ ಸೂಪರ್‌ವೈಸರ್ ಬೇಕಾದರೆ 3 ಲಕ್ಷ ಕಳೆಯಿರಿ. ಬೆಲೆ ಕಟ್ಟಬೇಕಾದದ್ದು ಉಳಿದ 6 ಲಕ್ಷದ ಮೇಲೆ.

ಬೆಲೆ ತರುವುದು ಎಎಂಸಿಗಳು, ಅಂದರೆ ಗಿರಾಕಿ ಕಂಪನಿಗಳ ಜೊತೆಗಿನ ವಾರ್ಷಿಕ ನಿರ್ವಹಣಾ ಒಪ್ಪಂದಗಳು. ಪ್ರತಿಯೊಂದನ್ನೂ ತೆಗೆದು ಅವಧಿ ಎಷ್ಟು ಉಳಿದಿದೆ, ಬೇರೆಯವರಿಗೆ ವರ್ಗಾಯಿಸಲು ಅವಕಾಶವಿದೆಯೇ ನೋಡಿ. ಇಲ್ಲದಿದ್ದರೆ ಆ ಗಿರಾಕಿ ಕಂಪನಿಯಿಂದ ಲಿಖಿತ ಒಪ್ಪಿಗೆ ಬೇಕು. ಅರ್ಧ ಆದಾಯ ಒಂದೇ ಟೆಕ್ ಪಾರ್ಕಿನಿಂದ ಬರುತ್ತಿದ್ದರೆ ಕೊಳ್ಳುವವರು ಹಿಂಜರಿಯುತ್ತಾರೆ, ಅದು ನ್ಯಾಯವೇ. ಲಿಖಿತ ಒಪ್ಪಂದವಿಲ್ಲದ ಬಾಯಿಮಾತಿನ ಗಿರಾಕಿಗಳ ಲೆಕ್ಕಕ್ಕೆ ಕೊಳ್ಳುವವರಿಂದ ದಯವಿಟ್ಟು ದುಡ್ಡು ಕೇಳಬೇಡಿ.

ಹಳೇ ಹಗ್ಗ, ಹಾರ್ನೆಸ್‌ಗೆ (ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ) ಬೆಲೆ ಹಾಕಲೇಬೇಡಿ. ನೋಡಲು ಚೆನ್ನಾಗಿದ್ದರೂ ಬಿಸಿಲಿಗೆ ನೈಲಾನ್ ಒಳಗೇ ಸತ್ವ ಕಳೆದುಕೊಂಡಿರಬಹುದು; ಜೀವ ನೇತಾಡುವ ವಸ್ತು.

ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ರಿಟರ್ನ್, ಗಿರಾಕಿಗಳು ಬಿಲ್ಲಿನಲ್ಲಿ ಹಿಡಿದುಕೊಂಡ ಟಿಡಿಎಸ್ ತೆರಿಗೆ ಮೂರೂ ತಾಳೆಯಾಗಬೇಕು. ಕೆಲಸಗಾರರ ಪಿಎಫ್, ಇಎಸ್‌ಐ (ನೌಕರರ ವಿಮೆ) ಬಾಕಿ ಮುಂಚೆಯೇ ಕಟ್ಟಿ.

ಹಣದ ಒಂದು ಭಾಗವನ್ನು ಆರು ತಿಂಗಳ ನಂತರ, ಎಷ್ಟು ಗಿರಾಕಿಗಳು ಉಳಿದಿದ್ದಾರೆ ಎಂಬ ಲೆಕ್ಕದಲ್ಲಿ ಪಡೆಯುವ ಒಪ್ಪಂದ ಕೊಳ್ಳುವವರಿಗೆ ಧೈರ್ಯ ಕೊಡುತ್ತದೆ. ಒಬ್ಬರೇ ಮಾಲೀಕರಾಗಿರುವ ವ್ಯವಹಾರದ ಜಿಎಸ್‌ಟಿ ನಂಬರ್ ನಿಮ್ಮ ಪ್ಯಾನ್‌ಗೆ ಅಂಟಿದ್ದು, ಅದು ಕೈ ಬದಲಾಗದು. ಬಳಸದೆ ಉಳಿದ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಯ ಜಮೆ) ಮಾತ್ರ ಐಟಿಸಿ-02 ಫಾರ್ಮಿನಲ್ಲಿ ವರ್ಗವಾಗುತ್ತದೆ. ನಂಬರ್ ರದ್ದು ಮಾಡಿಸುವ ಮೊದಲೇ ಅದನ್ನು ಸಲ್ಲಿಸಿ.