ಕಿಟಕಿ ಕಡೆ, ಬಾಗಿಲ ಕಡೆ: ಇನ್‌ಚಾರ್ಜ್ ಸಿಸ್ಟರ್ ಆದ ನನ್ನ ಅನುಭವ

ಹದಿನಾಲ್ಕು ತಿಂಗಳಾಯಿತು, ನಮ್ಮ ವೃದ್ಧಾಶ್ರಮದಲ್ಲಿ ಒಬ್ಬರಿಗೂ ಹೊಸದಾಗಿ ಬೆಡ್‌ಸೋರ್, ಅಂದರೆ ಅಲ್ಲಾಡದೆ ಒಂದೇ ಕಡೆ ಮಲಗಿ ಚರ್ಮ ಒತ್ತಿ ಆಗುವ ಗಾಯ, ಆಗಿಲ್ಲ. ಒಬ್ಬ ಅಜ್ಜನಿಗೆ ಇತ್ತು. ಅದು ಆಸ್ಪತ್ರೆಯಿಂದ ಬರುವಾಗಲೇ ಬಂದದ್ದು, ನಮ್ಮ ಲೆಕ್ಕಕ್ಕಿಲ್ಲ. "ಇಷ್ಟು ಕಡಿಮೆ ಮಂದಿಯಿಂದ ಆಗೋ ಕೆಲಸ ಅಲ್ಲ ಬಿಡಿ" ಎಂದಿದ್ದ ಟ್ರಸ್ಟಿನವರೇ ಈಗ ಬಂದವರನ್ನೆಲ್ಲ ಹಾಲ್‌ಗೆ ಕರೆದುಕೊಂಡು ಬಂದು ತೋರಿಸುತ್ತಾರೆ.

ಆಶ್ರಮ ಇರುವುದು ಕಲಬುರಗಿ ಊರಾಚೆ. ಸುಮಾರು 38 ಹಿರಿಯರು, ಅವರಲ್ಲಿ 11 ಜನ ಹಾಸಿಗೆ ಹಿಡಿದವರು. ಆಗ ರಾತ್ರಿಗೆ ಒಬ್ಬ ಸಿಸ್ಟರ್, ಇಬ್ಬರು ಆಯಾ. ಹಳೆಯ ಇನ್‌ಚಾರ್ಜ್ ಬಿಟ್ಟು ಹೋದಾಗ ಆ ಜಾಗ ನನ್ನ ಕೊರಳಿಗೆ ಬಿತ್ತು. ಸಂಬಳ ಮೂರು ಸಾವಿರ ಜಾಸ್ತಿ, ಬೈಗುಳ ಅದಕ್ಕಿಂತ ಜಾಸ್ತಿ. ನಿನ್ನೆ ತನಕ ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದ ಗೆಳತಿಗೆ ಇವತ್ತು ನಾನೇ ನೈಟ್ ಡ್ಯೂಟಿ ಹಾಕಬೇಕು. ಒಂದು ವಾರ ಅವಳು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಹೊರಳಿಸುವ ಚಾರ್ಟ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದನ್ನು ಬರೆಯಲು 12 ಕಾಲಂ. ಜೆರಾಕ್ಸ್‌ಗೇ ತಿಂಗಳಿಗೆ ನಾಲ್ಕು ನೂರು. ಚಾರ್ಟ್ ಬಹಳ ಚೆಂದ ತುಂಬುತ್ತಿತ್ತು, ಗಾಯ ಮಾತ್ರ ಕಡಿಮೆ ಆಗಲಿಲ್ಲ. ಒಂದು ದಿನ ಬೆಳಗಿನ ಜಾವ ಐದಕ್ಕೆ ಹೇಳದೆ ಬಂದೆ. ಸಿಸ್ಟರ್ ಒಂದೇ ಪೆನ್ನಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಬರೆದು ಮುಗಿಸಿದ್ದಳು. ಆರು ಇನ್ನೂ ಹೊಡೆದೇ ಇರಲಿಲ್ಲ! ಬೈಯಲು ಬಾಯಿ ಬರಲಿಲ್ಲ. ನಾನೂ ಹೀಗೆ ಬರೆದವಳೇ ಅಲ್ವಾ.

ಆಮೇಲೆ ದುಡ್ಡು ಸುರಿದೆ. ಕರೆಂಟಿನ ಪಂಪಿನಿಂದ ಗಾಳಿ ತುಂಬುವ ಎರಡು ಏರ್ ಬೆಡ್, ಒಟ್ಟು ಐದೂವರೆ ಸಾವಿರದ ಹತ್ತಿರ. ಒಂದಕ್ಕೆ ತಿಂಗಳೊಳಗೇ ಸೀರೆ ಪಿನ್ ಚುಚ್ಚಿತು. ಇನ್ನೊಂದು ಕರೆಂಟ್ ಹೋದರೆ ಚಪ್ಪಟೆ, ಇನ್ವರ್ಟರ್‌ಗೆ ಅದರ ಲೈನ್ ಕೊಟ್ಟಿರಲಿಲ್ಲ. ಗಾಯದ ಜಾಗ ಹಾಸಿಗೆಗೆ ತಾಗದಿರಲಿ ಎಂದು ಕೆಳಗಿಡುವ ರಬ್ಬರ್ ರಿಂಗ್ ನಾಲ್ಕು ತಂದೆ. ರಿಂಗ್ ಅಂಚು ಒತ್ತಿ ಸುತ್ತಲೂ ಹೊಸದಾಗಿ ಕೆಂಪಾಯಿತು. ಅದಕ್ಕೆ ಯಾರೂ ದುಡ್ಡು ಹಾಕಬೇಡಿ.

ಕೊನೆಗೆ ಚಾರ್ಟ್ ಎತ್ತಿಟ್ಟೆ. ನಮ್ಮ ಹಾಲ್‌ನ ಒಂದು ಗೋಡೆಗೆ ಕಿಟಕಿ, ಎದುರಿಗೆ ಬಾಗಿಲು. ಎಂಟಕ್ಕೆ ಎಲ್ಲರ ಮುಖ ಕಿಟಕಿ ಕಡೆ, ಹತ್ತಕ್ಕೆ ಬಾಗಿಲ ಕಡೆ, ಹನ್ನೆರಡಕ್ಕೆ ಮತ್ತೆ ಕಿಟಕಿ. ಬೆನ್ನ ಮೇಲೆ ಒರಗಿಸುವುದು ಊಟದ ಹೊತ್ತಿಗೆ ಮಾತ್ರ. ಒಂದು ಮಗ್ಗುಲು ಕೆಂಪಾಗಿದ್ದರೆ ಮಂಚದ ಆ ಕಡೆಯ ಸರಳಿಗೆ ಕೆಂಪು ಬಟ್ಟೆ ಚೂರು. ಆ ಮಗ್ಗುಲು ಬಿಟ್ಟು ಬೆನ್ನು, ಇನ್ನೊಂದು ಮಗ್ಗುಲು. ಓದು ಬರಹ ಬೇಕಿಲ್ಲ. ಬಾಗಿಲಲ್ಲಿ ನಿಂತರೆ ಯಾರನ್ನು ಹೊರಳಿಸಿಲ್ಲ ಎಂದು ಗೊತ್ತಾಗುತ್ತದೆ.

ಹಿರಿಯ ಆಯಾ ಒಪ್ಪಲಿಲ್ಲ. "ಇಪ್ಪತ್ ವರ್ಷ ಆತ್ರೀ ಸಿಸ್ಟರ್ ಮುದುಕರನ್ನ ನೋಡ್ಕೋತ. ಈಗ ನೀವು ನನಗ ಗಡಿಯಾರ ತೋರಸ್ತೀರಿ?" ಕೆಂಪಾದ ಜಾಗಕ್ಕೆ ಕೊಬ್ಬರಿ ಎಣ್ಣೆ ಹಾಕಿ ಗಸಗಸ ತಿಕ್ಕುವುದು ಅವರ ಪದ್ಧತಿ. ತಿಕ್ಕಿದರೆ ಒಳಗಿನ ಮಾಂಸಕ್ಕೇ ಪೆಟ್ಟು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ರಾತ್ರಿ ನಾನೇ ಅವರ ಜೊತೆ ಡ್ಯೂಟಿ ಮಾಡಿದೆ. ಮಗ್ಗುಲಿಗೆ ಮಲಗಿಸಿದ ಅಜ್ಜಿ ದಿಂಬು ಜಾರಿ ಪದೇ ಪದೇ ಅಂಗಾತ ಆಗುತ್ತಿದ್ದರು. ಬೆನ್ನಿಗೆ ಆನಿಸುವ ಇಳಿಜಾರು ದಿಂಬು, ಫೋಮ್ ವೆಜ್ ತರಿಸಬೇಕು, ಒಂದಕ್ಕೆ ಸಾವಿರದ ಮೇಲೆ ಎಂದೆ. ಆಯಾ ನಕ್ಕು ಒಳಗಿನಿಂದ ಹಳೆ ಕೌದಿ ತಂದು, ಸುತ್ತಿ, ಅಜ್ಜಿಯ ಬೆನ್ನಿಗೆ ಒತ್ತಿದರು. ಅಲ್ಲಾಡಲಿಲ್ಲ! ಸಣ್ಣ ಸುರುಳಿ ಮೀನಖಂಡದ ಕೆಳಗೆ ಇಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದೇ ಇಲ್ಲ. ಮರುದಿನ ಡ್ಯೂಟಿ ಬದಲಾಗುವ ಹೊತ್ತಿನ ಹ್ಯಾಂಡೋವರ್‌ನಲ್ಲಿ ಎಲ್ಲರಿಗೂ ಅವರೇ ತೋರಿಸಿಕೊಟ್ಟರು. ಅವತ್ತಿನಿಂದ ಎಣ್ಣೆ ತಿಕ್ಕುವುದು ನಿಂತಿತು. ಸುತ್ತುವಾಗ ಒಂದು ಮಡಿಕೆ ಹಾಕುತ್ತಾರೆ, ಇರುವುದೆಲ್ಲ ಅದರಲ್ಲೇ. ಅದು ಅವರ ಸೊತ್ತು, ನಾನು ಬರೆಯಬಾರದು.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಡೈಪರ್‌ಗೆ ತಿಂಗಳಿಗೆ ಮೂವತ್ತು ಸಾವಿರ ದಾಟುತ್ತಿತ್ತು. ಹೊರಳಿಸಲು ಹೋದಾಗಲೇ ಬೆಡ್‌ಪ್ಯಾನ್ ಕೊಟ್ಟು ನೋಡಿದೆವು. ಹೇಳಲು ಬರುವ ಆರೇಳು ಜನಕ್ಕೆ ಹಗಲು ಡೈಪರ್ ಬೇಕಾಗಲಿಲ್ಲ. ಖರ್ಚು ಹದಿನೆಂಟು ಹತ್ತೊಂಬತ್ತಕ್ಕೆ ಇಳಿಯಿತು. ಉಳಿದ ದುಡ್ಡಿನಲ್ಲಿ ರಾತ್ರಿಗೆ ಇನ್ನೊಬ್ಬ ಆಯಾ ಕೊಡಿ ಎಂದು ಟ್ರಸ್ಟಿನ ಮುಂದೆ ಬಿಲ್ಲುಗಳನ್ನೇ ಹರವಿದೆ. ಗಾಯ ವಾಸಿಯಾದ ಕಥೆಗೆ ಅಲ್ಲಾಡದವರು ಬಿಲ್ಲಿಗೆ ಒಪ್ಪಿದರು.

ಆದರೆ ಬೇಸಿಗೆಯಲ್ಲಿ ಇದೇ ನನಗೆ ತಿರುಗಿ ಬಿತ್ತು. ಡೈಪರ್ ಇಲ್ಲ, ಪದೇ ಪದೇ ಕರೆಯಲು ಸಂಕೋಚ. ಇಬ್ಬರು ಅಜ್ಜಿಯರು ನೀರು ಕುಡಿಯುವುದನ್ನೇ ಬಿಟ್ಟರು. ನಮ್ಮ ಮೇ ತಿಂಗಳ 43 ಡಿಗ್ರಿ ನಿಮಗೆ ಗೊತ್ತಲ್ಲ. ಒಬ್ಬರು ಮಗಳನ್ನೇ "ಯಾರವ್ವಾ ನೀ?" ಎಂದರು. ಎಲ್ಲರೂ ಮರೆವು ಶುರುವಾಯಿತು ಎಂದುಕೊಂಡೆವು. ನೋಡಿದರೆ ಮೂತ್ರದ ಸೋಂಕು. ತಪ್ಪು ನನ್ನದೇ, ಏನು ಹೊರಗೆ ಬಂತು ಎಂದು ನೋಡಿದೆ, ಒಳಗೆ ಎಷ್ಟು ಹೋಯಿತು ಎಂದು ನೋಡಲಿಲ್ಲ. ಈಗ ಮಜ್ಜಿಗೆ, ಅಂಬಲಿ, ನೀರು ಎಲ್ಲಕ್ಕೂ ಲೋಟದ ಲೆಕ್ಕ. ಲೋಟ ಖಾಲಿಯಾದರೆ ಮಂಚದ ಪಕ್ಕದ ಡಬ್ಬಿಗೆ ಒಂದು ಹುಣಸೆ ಬೀಜ.

ಗೆಳತಿ ಈಗ ನೈಟ್ ಇನ್‌ಚಾರ್ಜ್. ರೊಟ್ಟಿ ಡಬ್ಬಿಯೂ ಮತ್ತೆ ಒಂದೇ ಆಗಿದೆ. ಗಾಲಿಕುರ್ಚಿಯಲ್ಲಿ ಇಡೀ ದಿನ ಕೂರುವ ನಾಲ್ವರಿಗೆ ಮಾತ್ರ ಕಿಟಕಿ ಬಾಗಿಲಿನ ಆಟ ನಡೆಯುವುದಿಲ್ಲ. ಟಿವಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಕೈಯೂರಿ ಎದ್ದು ಕೂರಿ ಎಂದು ಹೇಳಿ ನೋಡುತ್ತಿದ್ದೇವೆ. ಇಬ್ಬರು ಏಳುತ್ತಾರೆ. ಇನ್ನಿಬ್ಬರು ಚಾನೆಲ್ ಬದಲಾಯಿಸುತ್ತಾರೆ.