ಧಾರವಾಡದಲ್ಲಿ ತಬಲಾ ಸಾಥ್ ಕೊಡೋದು ಅಂದ್ರೆ

ಕಾರ್ಯಕ್ರಮಕ್ಕೆ ಸಾಥ್ ಕೊಡೋಕೆ, ಅಂದ್ರೆ ಜೊತೆಗೆ ಬಾರಿಸೋಕೆ, ಫೋನ್ ಬಂದರೆ ನಾನು ಮೊದಲು ಕೇಳೋದು ಎರಡೇ ಮಾತು: ಯಾರು ಹಾಡ್ತಾರೆ, ಸುರ (ಶ್ರುತಿ) ಯಾವುದು. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಕರಿ ಒಂದೋ ಬಿಳಿ ಐದೋ ಗೊತ್ತಾದರೆ ಯಾವ ದಾಯಾ (ಬಲಗೈ ತಬಲಾ) ಒಯ್ಯಬೇಕು ಅಂತ ತಿಳಿಯುತ್ತದೆ. ಸಂಭಾವನೆ ಆಮೇಲೆ. ಯಾರು ಅನ್ನೋದು ಇನ್ನೂ ಮುಖ್ಯ, ಯಾಕಂದ್ರೆ ನಮ್ಮೂರಲ್ಲಿ ಒಂದೇ ನಮೂನೆ ಠೇಕಾ, ಅಂದ್ರೆ ತಾಳದ ಮೂಲ ಬಡಿತ, ಎಲ್ಲರಿಗೂ ನಡೆಯುವುದಿಲ್ಲ.

ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಅವರದು ಕಿರಾಣಾ ಘರಾಣೆ, ಅಂದ್ರೆ ಆ ಹೆಸರಿನ ಗಾಯನ ಪರಂಪರೆ. ಮಲ್ಲಿಕಾರ್ಜುನ ಮನ್ಸೂರರದು ಜೈಪುರ-ಅತ್ರೌಲಿ. ಈ ಎರಡೂ ದಾರಿಯಲ್ಲಿ ಹಾಡುವವರು ಇಲ್ಲಿ ಅಕ್ಕಪಕ್ಕದ ಓಣಿಯಲ್ಲೇ ಸಿಗುತ್ತಾರೆ, ಆದ್ದರಿಂದ ತಬಲಾದವನು ಎರಡನ್ನೂ ಕೈಗೆ ಹತ್ತಿಸಿಕೊಳ್ಳಲೇಬೇಕು. ಕಿರಾಣಾದವರ ವಿಲಂಬಿತ (ನಿಧಾನ ಲಯದ) ಏಕತಾಲ 12 ಮಾತ್ರೆ, ಅಂದ್ರೆ 12 ಎಣಿಕೆ, ಅಷ್ಟೇ, ಆದರೆ ಒಂದು ಆವರ್ತನ, ಅಂದ್ರೆ ತಾಳದ ಒಂದು ಸುತ್ತು, ಮುಗಿಯಲು ಕೆಲವೊಮ್ಮೆ ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಆ ಖಾಲಿ ಜಾಗ ತುಂಬಬೇಕು ಅಂತ ಕೈ ತುರಿಸುತ್ತದೆ. ನಾನು ಜಾಸ್ತಿ ದಿನ ಜೊತೆ ಕೊಟ್ಟ ಹಿರಿಯ ಗಾಯಕಿಯೊಬ್ಬರು ಶುರುವಿನಲ್ಲೇ ಹೇಳಿಬಿಟ್ಟಿದ್ದರು, "ತಮ್ಮಾ, ನೀ ಠೇಕಾ ಹಿಡಿ, ತುಂಬೋದು ನಾ ನೋಡ್ಕೋತೀನಿ." ಅವರಿಗೆ ಬೇಕಾಗಿದ್ದು ಹತ್ತನೇ ಮಾತ್ರೆಯ ತಿರಕಿಟ ಅನ್ನೋ ಬಡಿತ ಸ್ವಚ್ಛವಾಗಿ ಕೇಳುವುದು. ಅದು ಕಿವಿಗೆ ಬಿದ್ದ ಕೂಡಲೇ ಆಲಾಪ ಬಿಟ್ಟು ಮುಖಡಾ (ಹಾಡಿನ ಮೊದಲ ತುಣುಕು) ಹಿಡಿದು ಸಮ್‌ಗೆ, ಅಂದ್ರೆ ಸುತ್ತಿನ ಮೊದಲ ಮಾತ್ರೆಗೆ, ಬರುತ್ತಿದ್ದರು. ಜೈಪುರದವರ ತೀನತಾಲ ಅಷ್ಟು ನಿಧಾನ ಅಲ್ಲ. ಅವರು ಪ್ರತಿ ಮಾತ್ರೆಯ ಜೊತೆ ಆಡುತ್ತಾ ಹೋಗುತ್ತಾರೆ, ಅಲ್ಲಿ ನಾನು ಅಲ್ಲಾಡಿದರೆ ಇಡೀ ಬಂದಿಶ್ (ಹಾಡಿನ ರಚನೆ) ಅಲ್ಲಾಡುತ್ತದೆ.

ಸಿತಾರದವರ ಜೊತೆ ಮಾತ್ರ ಮಜಾ ಬೇರೆ. ಸಿತಾರ ವಾದಕ ರಹಿಮತ್ ಖಾನರು ಇಲ್ಲಿ ಬಂದು ನೆಲೆಸಿದ್ದರಿಂದ ಧಾರವಾಡದಲ್ಲಿ ಸಿತಾರಕ್ಕೆ ಬರ ಇಲ್ಲ. ಸಿತಾರದವರು ಗತ್ (ವಾದ್ಯಕ್ಕೆ ಕಟ್ಟಿದ ರಚನೆ) ಹಿಡಿದು ನಿಂತಾಗ ನಾನು ಬಾರಿಸುತ್ತೇನೆ, ನಾನು ಠೇಕಾಕ್ಕೆ ಮರಳಿದಾಗ ಅವರು. ಕೊಟ್ಟು ತಗೊಳ್ಳೋ ವ್ಯವಹಾರ. ಮಳೆಗಾಲದಲ್ಲಿ ಇಬ್ಬರದೂ ಒಂದೇ ಗೋಳು: ಜಿಟಿಜಿಟಿ ಮಳೆಗೆ ಚರ್ಮ ಸಡಿಲಾಗಿ ಸುರ ಇಳಿಯುತ್ತದೆ, ನಾನು ತಬಲಾದ ಗಟ್ಟಾ (ಬಿಗಿಯೋ ಮರದ ತುಂಡು) ಬಡಿಯುತ್ತೇನೆ, ಅವರು ಖೂಂಟಿ (ತಂತಿ ಬಿಗಿಯೋ ಗೂಟ) ತಿರುವುತ್ತಾರೆ, ಜನ ಚಹಾ ಕುಡಿದು ಬರುತ್ತಾರೆ.

ಕಂಪನಿ ನಾಟಕಕ್ಕೂ ಬಾರಿಸಿದ್ದೇನೆ. ಖಳನಾಯಕ ಕಣ್ಣು ತಿರುಗಿಸಿದರೆ ಡಗ್ಗಾ (ಎಡಗೈ ವಾದ್ಯ) ಮೇಲೆ ಒಂದು ಏಟು, ಅಷ್ಟೇ ಕೆಲಸ ಅನ್ನುವವರಿದ್ದಾರೆ. ಚಪ್ಪಾಳೆ ಬಿದ್ದ ರಾತ್ರಿ ಅದೇ ನಟ ಇನ್ನೂ ಎರಡು ಸಲ ಕಣ್ಣು ತಿರುಗಿಸುತ್ತಾನೆ, ಪುಸ್ತಕದಲ್ಲಿ ಅದು ಇರುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಜೊತೆ ಅಂದ್ರೆ ಜಗ್ಗಲಿಗೆಯವರದು. ಹುಬ್ಬಳ್ಳಿ ಹತ್ತಿರದ ಬ್ಯಾಹಟ್ಟಿ ಈ ವಾದ್ಯಕ್ಕೆ ಹೆಸರಾದ ಊರು. ಚಕ್ಕಡಿ ಗಾಲಿಗೆ ಚರ್ಮ ಬಿಗಿದು ಮಾಡಿದ ವಾದ್ಯ, ಒಂದೊಂದು ಎದೆಮಟ್ಟ ಇರುತ್ತದೆ, ಉರುಳಿಸುತ್ತಾ ಬಡಿಯುತ್ತಾರೆ. ಮೊದಲ ತಾಲೀಮಿನಲ್ಲಿ ನನ್ನ ತಬಲಾ ನನಗೇ ಕೇಳಲಿಲ್ಲ. ಮೈಕ್ ಹೆಚ್ಚಿಸಿದರೆ ಕಿರುಚುತ್ತದೆ. ಅವರು ಮಾತ್ರೆ ಎಣಿಸುವುದಿಲ್ಲ, ಮುಂದಿನವನ ಕೋಲು ಏಳುವುದನ್ನು ನೋಡಿ ಬಡಿಯುತ್ತಾರೆ. ನಾನೋ, ನಾಲ್ಕು ಆವರ್ತನ ನೀವು, ನಾಲ್ಕು ನಾನು ಅಂತ ಲೆಕ್ಕ ಹೇಳುತ್ತಾ ಕೂತಿದ್ದೆ. ತಂಡದ ಹಿರಿಯರು ನಕ್ಕು, "ಲೆಕ್ಕಾ ನಮಗ್ಯಾಕ್ರೀ? ನೀವು ಕೈ ಎತ್ರಿ, ನಾವು ನಿಲ್ತೀವಿ" ಅಂದರು. ಹಾಗೇ ಮಾಡಿದೆವು. ಅವರ ಒಂದು ನಡೆ ನನ್ನ ಆರು ಮಾತ್ರೆಯ ದಾದರಾ ತಾಳಕ್ಕೆ ಹತ್ತಿರ ಇತ್ತು, ಅದರ ಮೇಲೆ ಇಡೀ ಕಾರ್ಯಕ್ರಮ ಕಟ್ಟಿದೆವು. ಅವರು ಒಮ್ಮೆಲೇ ನಿಂತಾಗ ಆ ಗುಂಯ್‌ಗುಡುವ ಸದ್ದು ಆರುವವರೆಗೆ ಕಾದು ಬರೀ ಬೆರಳ ತುದಿಯಲ್ಲಿ ಶುರು ಮಾಡುತ್ತಿದ್ದೆ, ಜನ ತಾವಾಗಿಯೇ ಮುಂದೆ ಬಾಗುತ್ತಿದ್ದರು.

ಸಂಭಾವನೆ ತಲೆಗೆ ಸಮ ಅಂತ ಮೊದಲೇ ಮಾತಾಗಿತ್ತು. ಟೆಂಪೋ ಬಾಡಿಗೆ ಮಾತ್ರ ಬೇರೆ ತೆಗೆದಿಟ್ಟೆವು, ಯಾಕಂದ್ರೆ ಜಗ್ಗಲಿಗೆಯನ್ನು ನನ್ನ ತಬಲಾ ಥರ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೊಂಡು ತರೋಕೆ ಆಗಲ್ಲ ನೋಡಿ.